ಕನ್ನಂಬಾಡಿ ಕಟ್ಟೆಯ ಕೆಂಪು ಪುಡಿ



ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಮಳೆಗಾಲ ಬಂತೆಂದರೆ ನಮ್ಮಲ್ಲಿ ಅನೇಕರ ಕಿವಿ ಒಂದು ಸಂಖ್ಯೆಗಾಗಿ ಕಾಯುತ್ತದೆ: 124.80 ಅಡಿ. ಕನ್ನಂಬಾಡಿ ಕಟ್ಟೆ ತುಂಬಿತೆಂಬ ಸುದ್ದಿ ಅದು. ಅಷ್ಟು ನೀರನ್ನು ತಡೆದಿರುವ ಕಲ್ಲುಗಳನ್ನು ಬೆಸೆದದ್ದು ಸುಣ್ಣ ಮತ್ತು ಸುರ್ಕಿಯ ಗಾರೆ ಎಂಬುದು ನಿಮಗೆ ಗೊತ್ತೇ?

ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ನುಣ್ಣನೆಯ ಪುಡಿ. 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್. ಆಗ ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ಇನ್ನೂ ಅಂಬೆಗಾಲಿಡುತ್ತಿತ್ತು. ಬೇಕೆಂದರೆ ಹಡಗಿನಲ್ಲಿ ತರಿಸಬೇಕಿತ್ತು.

ಹಾಗೆಂದು ಸುರ್ಕಿಯನ್ನು ಸಿಮೆಂಟಿಲ್ಲದ ಕಾಲದ ಅನಿವಾರ್ಯವೆಂದು ತಳ್ಳಿಹಾಕಬೇಡಿ. ಬರೀ ಸುಣ್ಣದ ಗಾರೆ ಗಾಳಿ ತಾಗಿದರಷ್ಟೇ ಗಟ್ಟಿಯಾಗುತ್ತದೆ. ಹದವಾಗಿ ಸುಟ್ಟ ಮಣ್ಣಿನ ಸಿಲಿಕಾ, ಅಲ್ಯುಮಿನಾ ಜತೆಗೂಡಿದರೆ ಅದೇ ಸುಣ್ಣ ನೀರೊಳಗೂ ಗಟ್ಟಿಯಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಿಟ್ರುವಿಯಸ್, ಗಾರೆಗೆ ಒಡೆದ ಮಡಕೆ-ಹೆಂಚಿನ ಪುಡಿಯನ್ನು ಮೂರರಲ್ಲಿ ಒಂದು ಪಾಲು ಸೇರಿಸಿ ಎಂದು ಬರೆದಿಟ್ಟಿದ್ದ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಬೇಗ ಗಟ್ಟಿಯಾಗುವ ಸಿಮೆಂಟ್ ಬರಬರುತ್ತಾ ಎಲ್ಲೆಡೆ ಹಬ್ಬಿತು. ಸುರ್ಕಿ ಮರೆತುಹೋಯಿತು, ಒಡೆದ ಇಟ್ಟಿಗೆ ಕಸವಾಯಿತು.

ಈಗ ಲೆಕ್ಕ ಬದಲಾಗಿದೆ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡುವ ಸಿಮೆಂಟ್ ಉದ್ಯಮದಿಂದ ಜಗತ್ತಿನ ಇಂಗಾಲದ ಡೈಆಕ್ಸೈಡಿನ ಶೇಕಡಾ 7-8 ಭಾಗ ಹೊರಬೀಳುತ್ತಿದೆ. ಹೀಗಾಗಿ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಇಟ್ಟಿಗೆ ಪುಡಿ ಬಳಸುವ ಪ್ರಯೋಗಗಳು ನಡೆದಿವೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸ್ವಲ್ಪ ಸುಣ್ಣ ಬಿಟ್ಟುಕೊಡುತ್ತದೆ. ಪುಡಿ ಅದನ್ನು ಹಿಡಿದುಕೊಂಡು ಮತ್ತಷ್ಟು ಬೆಸುಗೆ ಕಟ್ಟುತ್ತದೆ. ಆದರೆ ಪೂರ್ತಿ ಸಿಮೆಂಟಿನ ಜಾಗ ಅದು ತುಂಬದು. ಬಲವೂ ನಿಧಾನವಾಗಿ ಬರುತ್ತದೆ. ಅತಿಯಾಗಿ ಬೆಂದ ಇಟ್ಟಿಗೆ ಅಷ್ಟು ಉಪಯೋಗವಿಲ್ಲ. ಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆತರೆ ಕೆಲಸ ಕೆಡುತ್ತದೆ.

ದೆಹಲಿಯ ಬುರಾರಿಯಲ್ಲಿ 2009ರಲ್ಲೇ ಕಟ್ಟಡ ತ್ಯಾಜ್ಯ ಸಂಸ್ಕರಿಸುವ ಘಟಕ ಶುರುವಾಯಿತು. 2016ರಲ್ಲಿ ಭಾರತೀಯ ಮಾನಕವು ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಮಿತಿಯೊಳಗೆ ಬಳಸಲು ಒಪ್ಪಿತು. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲು ಬೆರೆಸಿದ ಸಿಮೆಂಟಿಗೂ 2023ರಲ್ಲಿ ಮಾನಕ ಬಂದಿದೆ. ಅದರ ಹಿಂದಿರುವುದು ಸುರ್ಕಿಯ ತತ್ವವೇ.

ನಿಮ್ಮ ಹಳೆಯ ಕಟ್ಟಡವೂ ನಾಳೆ ರೀಡೆವಲಪ್‌ಮೆಂಟಿಗೆ ಹೋಗಬಹುದು. ಆಗ ಸೊಸೈಟಿ ಸಭೆಯಲ್ಲಿ ಒಂದು ಮಾತು ಕೇಳಿ: "ಇಟ್ಟಿಗೆಯನ್ನು ಬೇರೆಯಾಗಿ ರಾಶಿ ಹಾಕಿಸುತ್ತೀರಾ?" ಎಲ್ಲ ಒಂದೇ ಲಾರಿಗೆ ಬಿದ್ದ ಮೇಲೆ ಅದು ಬರೀ ಕಸ.