ಅರಸನ ಮುಖ, ಅಕ್ಕಸಾಲಿಗನ ಅಚ್ಚು

ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರೆಜಿಲಿನ ಮಿನಾಸ್ ಜೆರೈಸ್ ಬೆಟ್ಟಗಳ ತೊರೆಗಳಲ್ಲಿ ಹೊನ್ನು ಹೊಳೆದಾಗ ಪೋರ್ಚುಗಲ್ಲಿನ ಸಿಂಹಾಸನಕ್ಕೆ ಅಪಾರ ಐಶ್ವರ್ಯ ಒದಗಿತು. 1706ರಲ್ಲಿ ಪಟ್ಟವೇರಿದ ಐದನೆಯ ಜೊವಾವ್ ದೊರೆ, ಆಫ್ರಿಕದಿಂದ ತಂದ ಗುಲಾಮರು ಜೀವ ತೇದು ತೊಳೆದ ಆ ಚಿನ್ನದಿಂದ ಮಾಫ್ರಾದಲ್ಲಿ ಅರಮನೆಯನ್ನೂ ಮಠವನ್ನೂ ಎತ್ತಿಸಿದ. ಪತ್ರಮಾಲೆ ಮುಡಿದ ತನ್ನ ಮುಖವನ್ನು ನಾಣ್ಯದಲ್ಲಿ ಮೆರೆಸಿದ. ಬಹುಪಾಲು ಹೊನ್ನು ಅವನ ಬೊಕ್ಕಸದಲ್ಲಿ ನಿಲ್ಲಲಿಲ್ಲ. 1703ರ ಮೆಥ್ಯುವೆನ್ ಒಪ್ಪಂದದ ಬೆನ್ನಿಗೇ ಇಂಗ್ಲೆಂಡಿನ ಉಣ್ಣೆಬಟ್ಟೆ ಲಿಸ್ಬನ್ನಿಗೆ ಬಂತು, ಚಿನ್ನ ಲಂಡನ್ನಿಗೆ ಹೋಯಿತು. 22 ಕ್ಯಾರೆಟ್ಟಿನ, 14 ಗ್ರಾಂಗೂ ಮಿಕ್ಕು ತೂಗುವ 6400 ರೈಸ್ ನಾಣ್ಯ ಸಾಗರ ದಾಟಿ ಸಕ್ಕರೆಯ ದ್ವೀಪಗಳ ಪೇಟೆಗಳಲ್ಲಿ 'ಜೋ' ಎಂಬ ಮೊಟಕು ಹೆಸರಿನಿಂದ ಚಲಾವಣೆಗೊಂಡಿತು.

ವರಾಹವನ್ನು ಚಿನಿವಾರನ ತಕ್ಕಡಿಗೆ ಹಾಕದೆ ಮುಟ್ಟದಿದ್ದ ಪೂರ್ವಿಕರ ವಂಶದವರಾದ ನಮಗೆ ಮುಂದಿನ ಕಥೆ ಅಪರಿಚಿತವಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಟಂಕಸಾಲೆಗಳಿರಲಿಲ್ಲ. ದೂರದ ಪ್ರಭುಗಳಿಗೆ ಸಕ್ಕರೆ ಬೇಕಿತ್ತು, ಅಲ್ಲಿಗೆ ನಾಣ್ಯ ಕಳಿಸುವ ವ್ಯವಧಾನವಿರಲಿಲ್ಲ. ಬಂದ ಪರದೇಶಿ ನಾಣ್ಯದ ಅಂಚನ್ನು ಕೈಯಿಂದ ಕೈಗೆ ಕತ್ತರಿಸಿ ಕದ್ದರು. ಆಗ ಅಕ್ಕಸಾಲಿಗರು ಮುಂದೆ ಬಂದರು. ತೂಕ ಕುಗ್ಗಿದ ನಾಣ್ಯದ ನಡುವೆ ರಂಧ್ರ ಕೊರೆದು, ಚಿನ್ನದ ಬೆಣೆ ಜಡಿದು, ಬಡಿದು ಸಮಮಾಡಿ, ಆ ಬೆಣೆಯ ಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಒತ್ತಿದರು. ಗ್ರೆನೇಡದಲ್ಲಿ 1798ರ ವೇಳೆಗೆ ಅಂಚಿನ ಸುತ್ತ ಮೂರು ಕಡೆ 'ಜಿ' ಅಕ್ಷರ ಒತ್ತುವ ಪದ್ಧತಿ ಬಂತು. ಕತ್ತರಿ ತಾಗಿದರೆ ಅಕ್ಷರವೂ ತುಂಡಾಗುತ್ತಿತ್ತು, ಕಳ್ಳತನ ಕಣ್ಣಿಗೆ ಬೀಳುತ್ತಿತ್ತು. ಎಷ್ಟು ಸರಳ, ಎಂಥ ಜಾಣ್ಮೆ!

ನ್ಯೂಯಾರ್ಕಿನಲ್ಲಿ ಎಫ್ರೈಮ್ ಬ್ರಾಶರ್ ಎಂಬ ಅಕ್ಕಸಾಲಿಗ, ಜಾರ್ಜ್ ವಾಷಿಂಗ್ಟನ್ನನ ನೆರೆಮನೆಯವ, ಪರೀಕ್ಷಿಸಿದ ಹೊನ್ನಿನ ಮೇಲೆ 'ಇಬಿ' ಎಂದು ಒತ್ತಿದ. ಚಕ್ರವರ್ತಿಯ ಕಿರೀಟಕ್ಕಿಂತ ಆ ಎರಡಕ್ಷರಕ್ಕೇ ವರ್ತಕರು ತಲೆಬಾಗಿದರು. ನನ್ನ ದೃಷ್ಟಿಯಲ್ಲಿ ಸಾಮ್ರಾಜ್ಯಗಳ ಕಾಲದಲ್ಲಿ ಪ್ರಭುತ್ವ ಸೋತ ಮೊದಲ ರಣಭೂಮಿ ಅಂಗಡಿಯ ಕಟ್ಟೆಯೇ. ಇತ್ತ 1755ರ ನವೆಂಬರಿನಲ್ಲಿ ಭೂಕಂಪ ಲಿಸ್ಬನ್ನನ್ನು ಕೆಡವಿತು, ಗಣಿಗಳು ಬತ್ತತೊಡಗಿದವು, 1807ರಲ್ಲಿ ನೆಪೋಲಿಯನ್ನನ ಸೇನೆಗೆ ಬೆದರಿ ಪೋರ್ಚುಗಲ್ಲಿನ ಆಸ್ಥಾನವೇ ಹಡಗೇರಿ ತನ್ನದೇ ವಸಾಹತಾದ ಬ್ರೆಜಿಲಿಗೆ ಓಡಿತು. ಜೊವಾವ್ ದೊರೆಯ ಮುಖ ಮಾತ್ರ ಸವೆಯುತ್ತಲೇ ಅಮೆರಿಕದ ಪೇಟೆಗಳಲ್ಲಿ ಚಲಿಸುತ್ತಿತ್ತು. ಕೊನೆಗೆ 1857ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು ಪರದೇಶಿ ನಾಣ್ಯಗಳ ಮಾನ್ಯತೆಯನ್ನೇ ರದ್ದುಮಾಡಿತು.