ಮದ್ರಾಸಿನ ನಡಿಗೆ, ಪೆರುಂಗುಡಿಯ ಕುರ್ಚಿ

ಚೆನ್ನೈನ ದಕ್ಷಿಣಕ್ಕಿರುವ ಪೆರುಂಗುಡಿ ಪಳ್ಳಿಕರಣೈ ಜೌಗಿನ ಅಂಚಿನ ಊರು. ಹಳೆಯ ಮಹಾಬಲಿಪುರಂ ರಸ್ತೆಯುದ್ದಕ್ಕೂ ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಇಲ್ಲಿನ ದುಡಿಮೆಯ ಸ್ವರೂಪವೇ ಬದಲಾಯಿತು. 2011ರಲ್ಲಿ ಊರು ಚೆನ್ನೈ ಪಾಲಿಕೆಗೆ ಸೇರಿತು. ಈಗ ಇಲ್ಲಿ ಬಹಳ ಜನರ ಕೆಲಸವೆಂದರೆ ದಿನವಿಡೀ ಕುರ್ಚಿ. ಇಂಥ ಬದುಕಿಗೆ ಸಕ್ಕರೆ ಕಾಯಿಲೆ ತಪ್ಪಿದ್ದಲ್ಲವೇ? ಇದಕ್ಕೆ ಉತ್ತರ ಹುಡುಕಿದ ನಗರಗಳಲ್ಲಿ ಚೆನ್ನೈಯೂ ಒಂದು.

1948ರಲ್ಲಿ ಉತ್ತರ ಮದ್ರಾಸಿನ ಸ್ಟಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಮಧುಮೇಹಿಗಳಿಗೆಂದೇ ಚಿಕಿತ್ಸಾ ವಿಭಾಗ ತೆರೆದರು. ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿ ಬಣ್ಣ ನೋಡುತ್ತಿದ್ದ ಕಾಲ ಅದು. ನೀಲಿ ಉಳಿದರೆ ಸಕ್ಕರೆಯಿಲ್ಲ, ಇಟ್ಟಿಗೆ ಕೆಂಪಾದರೆ ವಿಪರೀತ. ಆದರೆ ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ. ಹೀಗಾಗಿ ಕಾಯಿಲೆ ಬಂದದ್ದು ತಿಳಿಯುತ್ತಿತ್ತು, ಬರುತ್ತಿರುವುದು ತಿಳಿಯುತ್ತಿರಲಿಲ್ಲ.

ಅದನ್ನು ತಿಳಿಸಿದ್ದು ರಕ್ತ ಪರೀಕ್ಷೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲೆ ಸಕ್ಕರೆ 140ರಿಂದ 199ರೊಳಗಿದ್ದರೆ ಆ ವ್ಯಕ್ತಿ ಹೊಸ್ತಿಲ ಮೇಲಿದ್ದಾನೆ ಎಂದರ್ಥ. ಅಲ್ಲಿಂದ ಹಿಂದೆ ಸರಿಯಬಹುದೆಂದು ಚೀನಾ, ಫಿನ್ಲೆಂಡ್, ಅಮೆರಿಕದ ಅಧ್ಯಯನಗಳು 1997ರಿಂದ 2002ರ ನಡುವೆ ತೋರಿಸಿದವು. ಆದರೆ ಫಿನ್ಲೆಂಡ್, ಅಮೆರಿಕದಲ್ಲಿ ಭಾಗವಹಿಸಿದವರು ಹೆಚ್ಚಾಗಿ ಸ್ಥೂಲಕಾಯರು. ಭಾರತೀಯರಿಗೆ ಅಷ್ಟು ದಪ್ಪವಿಲ್ಲದಿದ್ದರೂ, ಕಿರಿಯ ವಯಸ್ಸಿನಲ್ಲೇ ಈ ಕಾಯಿಲೆ ಬರುತ್ತದೆ. ಅದೇ ಉಪಾಯ ಇಲ್ಲೂ ನಡೆದೀತೇ?

ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೊಸ್ತಿಲ ಮೇಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಸಾಮಾನ್ಯ ಸಲಹೆ ಮಾತ್ರ. ಇನ್ನೊಂದಕ್ಕೆ ದಿನವೂ ಅರ್ಧ ಗಂಟೆ ನಡಿಗೆ, ಸಕ್ಕರೆ ಮತ್ತು ಜಿಡ್ಡು ಕಡಿಮೆ, ನಾರಿನಂಶ ಹೆಚ್ಚು. ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಗುಳಿಗೆ, ನಾಲ್ಕನೆಯದಕ್ಕೆ ಎರಡೂ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಮೊದಲ ಗುಂಪಿನ ಶೇ. 55 ಜನರಿಗೆ ಮಧುಮೇಹ ಬಂತು. ನಡಿಗೆ ಮತ್ತು ಪಥ್ಯದ ಗುಂಪಿನಲ್ಲಿ ಶೇ. 39.3, ಗುಳಿಗೆಯವರಲ್ಲಿ ಶೇ. 40.5. ಎರಡನ್ನೂ ಕೂಡಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ವಿಶೇಷವೆಂದರೆ, ನಡಿಗೆಯವರ ತೂಕ ಇಳಿಯದಿದ್ದರೂ ಅಪಾಯ ಇಳಿದಿತ್ತು.

ಹಾಗೆಂದು ಪೂರ್ತಿ ಗೆದ್ದಂತಲ್ಲ. ಪಥ್ಯ ಮಾಡಿದವರಲ್ಲೂ ನೂರಕ್ಕೆ ಮೂವತ್ತೊಂಬತ್ತು ಮಂದಿ ಹೊಸ್ತಿಲು ದಾಟಿದರು. ಶಿಸ್ತು ವರ್ಷಗಟ್ಟಲೆ ಉಳಿಯುವುದೇ ಕಷ್ಟ. ಅದಕ್ಕೆ ಅದೇ ತಂಡ ದುಡಿಯುವ ಗಂಡಸರ ಮೊಬೈಲಿಗೆ ನಡಿಗೆ, ಊಟದ ಬಗ್ಗೆ ಸಂದೇಶ ಕಳಿಸಿ ನೋಡಿತು. 2013ರ ವರದಿಯಲ್ಲಿ, ಎರಡು ವರ್ಷದ ಬಳಿಕ ಸಂದೇಶ ಪಡೆದವರಲ್ಲಿ ಶೇ. 18, ಪಡೆಯದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂದಿತ್ತು.

ಪೆರುಂಗುಡಿಯ ಕುರ್ಚಿಯಲ್ಲಿ ಕುಳಿತವರ ಕೈಯಲ್ಲೂ ಫೋನಿದೆ. ಹೊಸ್ತಿಲ ಮೇಲಿದ್ದೇವೆಯೇ ಎಂದು ಮೊದಲು ತಿಳಿಯಬೇಕು. ಅದಕ್ಕೆ ಒಂದು ಬೆಳಗಿನ ರಕ್ತ ಪರೀಕ್ಷೆ ಸಾಕು.