ಆಲ್ಪ್ಸಿನ ಮನೆಯೂ ಮಂಗಳೂರು ಹೆಂಚೂ

ಮಿಯಾಪುರದ ನಮ್ಮ ನೆರೆಯ ಕನ್ನಡಿಗರೊಬ್ಬರು ತೀರ್ಥಹಳ್ಳಿ ಕಡೆ ಜಾಗ ಕೊಂಡಿದ್ದಾರೆ. ಅಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿರುವಂಥ ಮರದ ಮನೆ ಕಟ್ಟಿಸಬೇಕೆಂಬ ಆಸೆ ಅವರಿಗೆ. ಆಸೆ ತಪ್ಪಲ್ಲ. ಆದರೆ ಆ ಸೀಮೆಯಿಂದ ನಾವು ಪಡೆಯಬೇಕಾದದ್ದು ಬಂದು ನೂರೈವತ್ತು ವರ್ಷ ದಾಟಿತು ನೋಡಿ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ಅದರ ರೂವಾರಿ. ಅದುವರೆಗೆ ಸಾಮಾನ್ಯರ ಮನೆಗೆ ಹುಲ್ಲು, ಸೋಗೆಯೇ ಹೊದಿಕೆ. ಮತ್ತೆ ಮತ್ತೆ ಹೊದಿಸಬೇಕು, ಬೆಂಕಿಯ ಭಯ ಬೇರೆ. ಒಂದಕ್ಕೊಂದು ಕಚ್ಚಿಕೊಳ್ಳುವ ಹೊಸ ಹೆಂಚು ಕರಾವಳಿಯಿಂದ ಘಟ್ಟ ಹತ್ತಿತು.

ಹೆಂಚು ಬಂತು, ಮನೆಯ ನಕ್ಷೆ ಬರಲಿಲ್ಲ. ಆಲ್ಪ್ಸಿನ ಹಲವು ಹಳೆಯ ಮನೆಗಳಲ್ಲಿ ಮಾಡಿನ ಇಳಿಜಾರು ಕಡಿಮೆ. ಮೇಲೆ ನಿಂತ ಹಿಮವೇ ಕಂಬಳಿಯಂತೆ ಬೆಚ್ಚಗಿಡುತ್ತದೆ. ನಮ್ಮಲ್ಲಿ ನೀರು ನಿಂತರೆ ಮರ ಕೊಳೆತಂತೆಯೇ. ಅದಕ್ಕೇ ಕಡಿದಾದ ಮಾಡು, ಗೋಡೆ ಕಾಯುವ ಅಗಲ ಸೂರು, ಕಲ್ಲಿನ ಮೇಲೆ ಕೂತ ಹಲಸಿನ ಕಂಬ.

ಹೈದರಾಬಾದಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್, ಆಗುಂಬೆಯದು 7000ಕ್ಕೂ ಮೇಲೆ. ಇಲ್ಲಿ ಕೂತು ನಕ್ಷೆ ಬರೆಸುವ ಮುಂಚೆ ಆಷಾಢದಲ್ಲೊಮ್ಮೆ ಅಲ್ಲಿನ ಹಳೆಯ ಮನೆಯ ಸೂರಿನಡಿ ನಿಂತು ಬನ್ನಿ ಎಂದೆ. ಬಾಸೆಲ್‌ನವರೂ ಹೆಂಚು ಸುಟ್ಟದ್ದು ನಮ್ಮ ಮಣ್ಣಿನಿಂದಲೇ.